ಕೂಗದ ನೋವು

ಭಾನುವಾರದ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಮಾತನಾಡುತ್ತ ನಿಂತಿರುವಾಗ, ನಾಯಿಯೊಂದು ಒಂದು ಕಾಲನ್ನು ಎತ್ತಿಕೊಂಡು ಕುಂಟುತ್ತ ದಾಟಿ ಹೋಗುವುದನ್ನು ನೀವು ಕಂಡಿರಬಹುದು. "ಅಯ್ಯೋ ಪಾಪ" ಎನ್ನುತ್ತೇವೆ. ಅಷ್ಟರಲ್ಲಿ ಅದು ಮೂಲೆ ತಿರುಗಿರುತ್ತದೆ. ಆ ಎರಡು ಪದಗಳಿಂದ ನಮ್ಮ ಕರ್ತವ್ಯ ಮುಗಿಯಿತೇ?

ಅದು ಅಳುತ್ತಿಲ್ಲ, ಆದುದರಿಂದ ಹೆಚ್ಚು ನೋವಿಲ್ಲ ಎಂದು ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಈ ತರ್ಕ ತಪ್ಪು. ನಾಯಿ ತನ್ನ ನೋವನ್ನು ಸಾಮಾನ್ಯವಾಗಿ ಅಡಗಿಸಿಡುವ ಪ್ರಾಣಿ. ಮೂಳೆ ಸವೆದ ಮುದಿ ನಾಯಿ ತಿಂಗಳುಗಟ್ಟಲೆ ಸದ್ದಿಲ್ಲದೆ ನರಳಬಹುದು. ಕುಂಟುವುದೇ ಅದರ ಮಾತು. ಆ ಮಾತನ್ನು ಓದಲು ಸ್ವಲ್ಪ ತಾಳ್ಮೆ ಬೇಕು. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೇಳುತ್ತದೆ. ಸ್ವಸ್ಥವಾದ ಕಾಲು ತಾಗಿದಾಗ ತಲೆ ತಗ್ಗುತ್ತದೆ. ಒಮ್ಮೆಲೇ ಕುಂಟತೊಡಗಿದರೆ ಅಂಗಾಲಿನಲ್ಲಿ ಮುಳ್ಳೋ ಗಾಜಿನ ಚೂರೋ ಇರಬಹುದು, ಉಗುರು ಸೀಳಿರಬಹುದು, ವಾಹನ ತಗುಲಿ ಮೂಳೆ ಮುರಿದಿರಬಹುದು. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತ ಊಟ ಬಿಟ್ಟು ಜ್ವರದಿಂದ ಬಳಲುತ್ತಿದ್ದರೆ, ಉಣುಗುಗಳಿಂದ ಹರಡುವ ಜ್ವರವೂ ಕಾರಣವಿರಬಹುದು. ಕನಿಕರಕ್ಕೆ ಕಣ್ಣು ಬೇಕು. ಮರುಗುವುದಕ್ಕಿಂತ ಮೊದಲು ನೋಡಬೇಕು.

ಪ್ರಾಣಿಗಳು ಕೇವಲ ಯಂತ್ರಗಳಂತೆ ಎಂದು 17ನೇ ಶತಮಾನದಲ್ಲಿ ದೆಕಾರ್ತ್ ವಾದಿಸಿದನು. ಪ್ರಾಣಿ ಯೋಚಿಸಬಲ್ಲದೇ ಮಾತನಾಡಬಲ್ಲದೇ ಎಂಬುದಲ್ಲ, ಅದಕ್ಕೆ ನೋವಾಗುತ್ತದೆಯೇ ಎಂಬುದೇ ಪ್ರಶ್ನೆ ಎಂದು 1789ರಲ್ಲಿ ಬೆಂಥಮ್ ತಿರುಗಿ ಕೇಳಿದನು. ವಿಮೋಚನಾಕಾಂಡವಾದರೋ ಇಷ್ಟು ದೂರ ವಾದಕ್ಕೆ ಹೋಗುವುದಿಲ್ಲ. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಬಿಟ್ಟುಹೋಗಬೇಡ, ಕೈಕೊಡು ಎನ್ನುತ್ತದೆ. ಕತ್ತೆ ಯಾರದೆಂಬ ಲೆಕ್ಕ ಅಲ್ಲಿಲ್ಲ. ಬೀದಿನಾಯಿಗಾದರೋ ಒಡೆಯನೇ ಇಲ್ಲ. ಜೀವಿಗಳಲ್ಲಿ ದಯೆ ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿಯೂ ಹೇಳುತ್ತದೆ.

"ಮನುಷ್ಯರೇ ಹಸಿದಿರುವಾಗ ನಾಯಿಯ ಚಿಂತೆಯೇ?" ಎಂದು ನೀವು ಕೇಳಬಹುದು. ಪ್ರಶ್ನೆ ಹಗುರವಾದುದಲ್ಲ. ಧರ್ಮಸಭೆಯ ಧರ್ಮೋಪದೇಶವೂ ಎರಡನ್ನೂ ಜೊತೆಗಿಟ್ಟೇ ಹೇಳುತ್ತದೆ: ಪ್ರಾಣಿಗಳನ್ನು ವೃಥಾ ನರಳಿಸುವುದು ಮಾನವ ಘನತೆಗೆ ವಿರುದ್ಧ, ಮಾನವರ ಸಂಕಟ ನೀಗಿಸಬೇಕಾದ ಹಣವನ್ನು ಅವುಗಳಿಗಾಗಿ ಸುರಿಯುವುದೂ ಸಲ್ಲದು. ಆದರೆ ಈ ಪ್ರಶ್ನೆಯನ್ನು ಕೇಳುವವರು ಹಸಿದ ಮನುಷ್ಯನ ಕಡೆಗೆ ಹೊರಟವರೇ ಎಂಬುದನ್ನೂ ನೋಡಬೇಕು. ಮುಳ್ಳು ಕೀಳಲು ಹಣ ಬೇಡ, ಹತ್ತು ನಿಮಿಷ ಬೇಕು. ಲಾಜರನ ಹುಣ್ಣುಗಳನ್ನು ನೆಕ್ಕಿದವು ನಾಯಿಗಳು. ಆ ಸಾಮತಿಯ ಧನಿಕನು ಅವನನ್ನು ಹೊಡೆದನೆಂದು ಎಲ್ಲಿಯೂ ಹೇಳಿಲ್ಲ. ಅವನ ಬಾಗಿಲಲ್ಲೇ ಬಿದ್ದಿದ್ದವನಿಗಾಗಿ ಏನನ್ನೂ ಮಾಡಲಿಲ್ಲ, ಅಷ್ಟೆ.

ಹಾಗೆಂದು ಮಕ್ಕಳನ್ನು ಮುಂದೆ ಕಳುಹಿಸಬೇಡಿ. ನೋವಿನಲ್ಲಿರುವ ನಾಯಿ ಅನ್ನವಿಟ್ಟ ಕೈಯನ್ನೂ ಕಚ್ಚಬಹುದು. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ಹಿಂಗಾಲು ಎಳೆದುಕೊಂಡು ತೂರಾಡುವ ನಾಯಿಗೆ ರೇಬೀಸ್ ಇರಬಹುದು. ಅದನ್ನು ಮುಟ್ಟದೆ ಪಶುವೈದ್ಯರಿಗೋ ಸ್ಥಳೀಯ ಆಡಳಿತಕ್ಕೋ ತಿಳಿಸುವುದೇ ಸರಿ. ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಮ್ಮ ಮನೆಯ ನೋವಿನ ಮಾತ್ರೆಯನ್ನು ನಾಯಿಗೆ ನುಂಗಿಸುವವರೂ ಇದ್ದಾರೆ. ಒಳ್ಳೆಯ ಮನಸ್ಸೇ, ಆದರೆ ಐಬುಪ್ರೊಫೆನ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಕಾಲು ಜೋತಾಡುತ್ತಿದ್ದರೆ ನಾವೇ ಎಳೆದು ಕಟ್ಟುವ ಸಾಹಸವೂ ಬೇಡ. ಹಲಗೆಯ ಮೇಲೋ ದಪ್ಪ ಬಟ್ಟೆಯ ಮೇಲೋ ಮಲಗಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು.

ಇನ್ನು ನಿಮ್ಮ ಮನೆಯದೇ ಮುದಿ ನಾಯಿ ಚಳಿಗಾಲದ ಬೆಳಿಗ್ಗೆ ಏಳಲು ತಡವರಿಸುತ್ತಿದ್ದರೆ, ಸೋಮಾರಿಯೆಂದು ಗದರಬೇಡಿ. ಕೀಲುಗಳು ಬಿಗಿದಿರುತ್ತವೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ರಾತ್ರಿ ತಣ್ಣನೆಯ ಸಿಮೆಂಟಿನ ಮೇಲೆ ಒಂದು ಗೋಣಿಚೀಲವನ್ನು ಮಡಿಸಿ ಹಾಸಿ, ನೀರಿನ ಬಟ್ಟಲನ್ನು ಅದರ ಹತ್ತಿರಕ್ಕೇ ಸರಿಸಿಡಿ.