ಜೇನುತುಪ್ಪದ ಬಣ್ಣವೂ ಕಾಯಕದ ಶುದ್ಧಿಯೂ

ಶರಣರು ಕಾಯಕಕ್ಕೆ ವಿಧಿಸಿದ ಮೊದಲ ಕಟ್ಟಳೆ, ಅದು ಸತ್ಯಶುದ್ಧವಾಗಿರಬೇಕೆಂಬುದು. ಹಗ್ಗ ಹೊಸೆದ ನುಲಿಯ ಚಂದಯ್ಯ, ಅಕ್ಕಿ ಆಯ್ದ ಮಾರಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರೆಲ್ಲರ ಬಾಳೂ ಈ ಕಟ್ಟಳೆಯ ಭಾಷ್ಯವೇ ಆಗಿದೆ. ಆದರೆ ಸತ್ಯಶುದ್ಧವೆಂದರೇನು? ಹಾಲಿಗೆ ನೀರು ಬೆರೆಸದಿರುವುದು, ತೂಕದಲ್ಲಿ ವಂಚಿಸದಿರುವುದು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸುಳ್ಳಾಡದೆ, ಕಲಬೆರಕೆ ಮಾಡದೆ, ಕೊಳ್ಳುವವನನ್ನು ತಪ್ಪು ತಿಳಿವಳಿಕೆಯಲ್ಲಿಯೇ ಇರಗೊಟ್ಟರೆ ಅದು ಶುದ್ಧ ಕಾಯಕವಾಗುವುದೇ? ಈ ಸೂಕ್ಷ್ಮವನ್ನು ಮನೆಯ ಜೇನನ್ನು ಮಾರುವ ಗೃಹಸ್ಥನ ನಿದರ್ಶನದಿಂದ ವಿಚಾರಿಸೋಣ.

ಭಾಲ್ಕಿ, ಔರಾದ ಸೀಮೆಯ ಎರೆಹೊಲದ ಬದುವಿನಲ್ಲಿ ನಾಲ್ಕಾರು ಪೆಟ್ಟಿಗೆಗಳನ್ನಿಟ್ಟು ಜೇನು ಸಾಕುವ ರೈತನೊಬ್ಬನನ್ನು ಭಾವಿಸಿಕೊಳ್ಳಿರಿ. ಮಳೆಗಾಲ ಕಳೆದು ತೊಗರಿ ಹೂವಾದಾಗ ನೊಣಗಳು ತರುವ ಮಕರಂದ ಒಂದು ಬಗೆ. ಚಳಿಗಾಲದ ಕುಸುಬೆ, ಕೊತ್ತಂಬರಿ, ಸೂರ್ಯಕಾಂತಿಗಳದು ಇನ್ನೊಂದು ಬಗೆ. ವಸಂತದ ಬೇವು, ಅನಂತರದ ಹುಣಸೆ ಮತ್ತೊಂದು ಬಗೆ. ಹೂವು ಬದಲಾದಂತೆ ತುಪ್ಪದ ಬಣ್ಣ, ಕಂಪು, ರುಚಿಗಳೂ ಬದಲಾಗುತ್ತವೆ. ಸೂರ್ಯಕಾಂತಿಯ ತುಪ್ಪದಲ್ಲಿ ಗ್ಲೂಕೋಸಿನ ಅಂಶ ಹೆಚ್ಚಾದುದರಿಂದ ಅದು ಚಳಿಗೆ ಬೇಗನೆ ಹರಳುಗಟ್ಟಿ ಆಕಳ ತುಪ್ಪದಂತೆ ಗಟ್ಟಿಯಾಗುತ್ತದೆ. ಇದು ದೋಷವಲ್ಲ, ವಸ್ತುವಿನ ಸ್ವಭಾವ.

ಕಷ್ಟವು ಹುಟ್ಟುವುದು ಮಾರಾಟದಲ್ಲಿ. ಕಳೆದ ಬಾರಿ ಕೆಂಪಗೆ, ತೆಳ್ಳಗೆ ಹರಿಯುವ ತುಪ್ಪವನ್ನು ಒಯ್ದ ಬೀದರ ನಗರದ ಗಿರಾಕಿಯು ಈ ಬಾರಿ ಸೀಸೆಯ ತಳದಲ್ಲಿ ಬಿಳಿಯ ಹರಳನ್ನು ಕಂಡು, "ಏನ್ರೀ, ಸಕ್ಕರಿ ಪಾಕ ಹಾಕೀರೇನು?" ಎನ್ನುತ್ತಾನೆ. ಪ್ರಾಮಾಣಿಕನಿಗೆ ಇದಕ್ಕಿಂತ ನೋವಿನ ಮಾತಿಲ್ಲ. ಆಗ ಮನಸ್ಸು ಉಪಾಯವನ್ನು ಹುಡುಕುತ್ತದೆ. ತುಪ್ಪವನ್ನು ಒಲೆಯ ಮೇಲಿಟ್ಟು ಕಾಯಿಸಿದರೆ ಹರಳು ಕರಗಿ ಬಹುಕಾಲ ತಿಳಿಯಾಗಿರುತ್ತದೆ. ಹಳೆಯದನ್ನೂ ಹೊಸದನ್ನೂ ಕೂಡಿಸಿದರೆ ಬಣ್ಣ ಒಂದೇ ಆಗುತ್ತದೆ. ಗಿರಾಕಿಯೂ ಸಂತುಷ್ಟ, ವ್ಯಾಪಾರವೂ ನಿರಾತಂಕ. ಇದರಲ್ಲಿ ತಪ್ಪೇನು?

ತನ್ನದೇ ಎರಡು ತುಪ್ಪಗಳನ್ನು ಕೂಡಿಸುವುದು ತಾನಾಗಿ ಪಾಪವಲ್ಲ. ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಹರಳು ಕರಗಿಸುವುದೂ ತಪ್ಪಲ್ಲ. ಆದರೆ ಅತಿಯಾಗಿ ಕಾಯಿಸಿದಾಗ ಕಂಪೂ ಸತ್ತ್ವವೂ ಕುಂದುತ್ತವೆ. ನೋಟಕ್ಕೆ ಚೆಲುವನ್ನು ಕೂಡಿಸಲು ಗುಣವನ್ನು ಕಳೆದಂತಾಗುತ್ತದೆ. ಅದನ್ನು ಮರೆಮಾಚಿ ಮೊದಲಿನದೇ ಎಂದು ಮಾರುವುದು ಮೌನದಿಂದ ಆಡಿದ ಸುಳ್ಳು. "ಆತ ಕೇಳಲಿಲ್ಲ, ನಾನು ಹೇಳಲಿಲ್ಲ" ಎಂಬ ಸಮಾಧಾನವು ಇಲ್ಲಿ ಸಲ್ಲದು. ಎರಿಯನ್ನು ಕಂಡವನು ಮಾರುವವನೊಬ್ಬನೇ. ಮೇಣದ ಮುಚ್ಚಳ ಬೀಳುವ ಮುನ್ನವೇ ಹಸಿಯಾಗಿ ತೆಗೆದ ತುಪ್ಪವೋ, ಪಕ್ವವಾದುದೋ ಎಂಬುದನ್ನು ಅವನೇ ಬಲ್ಲ. ನಮ್ಮ ಆಹಾರ ನಿಯಮದಂತೆ ಜೇನುತುಪ್ಪದಲ್ಲಿ ನೀರಿನ ಅಂಶ ನೂರಕ್ಕೆ ೨೦ನ್ನು ಮೀರಬಾರದು. ಮೀರಿದರೆ ಅದು ಹುಳಿಯಬಹುದು. ಅರಿವು ಯಾರಲ್ಲಿದೆಯೋ ಹೇಳುವ ಹೊಣೆಯೂ ಅವರದೇ. ಸೀಸೆಯ ಮೇಲೆ ತೆಗೆದ ತಿಂಗಳು, ಹೊಲ, ಹೂವು ಇಷ್ಟನ್ನು ಬರೆದರೆ ಸಾಕು. ಭೇದವು ಸಂಶಯದ ಕಾರಣವಾಗದೆ ಸತ್ಯದ ಸಾಕ್ಷಿಯಾಗುತ್ತದೆ.

ಇನ್ನೊಂದು ಮಾತುಂಟು. ಜೇನು ನೊಣದ ಸಂಗ್ರಹ, ಹೂವಿಲ್ಲದ ದಿನಗಳಿಗೆ ಅದರ ಬುತ್ತಿ. ಇದೇ ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿಯು ಅದನ್ನು ಮನೆಗೆ ಸೇರಿಸದೆ ಮರಳಿ ಸುರಿದು ಬರಲು ಕಳುಹಿದಳೆಂಬುದನ್ನು ಭಕ್ತರೆಲ್ಲ ಬಲ್ಲರು. ಗಿರಾಕಿ ಹೆಚ್ಚಿದನೆಂದು ಎರಿಯನ್ನೆಲ್ಲ ಬರಿದುಮಾಡಿ ನೊಣಗಳನ್ನು ಉಪವಾಸ ಕೆಡಹುವವನ ತುಪ್ಪ ಎಷ್ಟೇ ನಿರ್ಮಲವಾಗಿದ್ದರೂ ಕಾಯಕ ನಿರ್ಮಲವಲ್ಲ. "ಈ ಸಲ ತೀರಿತು, ಮುಂದಿನ ಸುಗ್ಗಿಗೆ ಬನ್ನಿರಿ" ಎನ್ನುವ ಧೈರ್ಯವೂ ಸತ್ಯಶುದ್ಧಿಯ ಒಂದು ಅಂಗ.

ಕೊಳ್ಳುವ ಸದ್ಭಕ್ತರಿಗೂ ಹೊಣೆಯುಂಟು. ನೀರಿನಲ್ಲಿ ಹನಿ ಬಿಟ್ಟು, ಬತ್ತಿಗೆ ಸವರಿ ಉರಿಸಿ ಮಾಡುವ ಮನೆಯ ಪರೀಕ್ಷೆಗಳನ್ನು ನಂಬಿ ಬಡವನನ್ನು ಕಳ್ಳನೆನ್ನಬಾರದು. ೨೦೨೦ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹೊರಗೆಡಹಿದ ಪರೀಕ್ಷೆಯಲ್ಲಿ ೧೩ ಹೆಸರಿನ ಜೇನುತುಪ್ಪಗಳ ಪೈಕಿ ಮೂರು ಮಾತ್ರ ಎಲ್ಲ ಪರೀಕ್ಷೆಗಳನ್ನೂ ದಾಟಿದುವು. ವರ್ಷವಿಡೀ ಒಂದೇ ಬಣ್ಣದಿಂದ ಹೊಳೆಯುವ ಸೀಸೆಯೇ ಶುದ್ಧವೆಂಬ ಭ್ರಮೆಯನ್ನು ಇದು ಕಳೆಯಬೇಕು. ನಾವು ಏಕರೂಪವನ್ನೇ ಬೇಡಿದರೆ, ಮಾರುವವನನ್ನು ಮರೆಮಾಚಲು ನಾವೇ ಪ್ರೇರಿಸಿದಂತೆ.

ಹೂವಿನಂತೆ ತುಪ್ಪ ಬೇರೆಯಾಗಲಿ. ಮಾರುವವನ ಮಾತು ಮಾತ್ರ ಎಲ್ಲ ಋತುಗಳಲ್ಲಿಯೂ ಒಂದೇ ಆಗಿರಲಿ. ಅಂಥ ಮನೆಯಿಂದ ಬಂದ ಜೇನು ಲಿಂಗಕ್ಕೆ ಅರ್ಪಿಸಲು ಯೋಗ್ಯ. ಅದರ ಗಳಿಕೆಯಿಂದ ನಡೆದ ದಾಸೋಹವೂ ಸಾರ್ಥಕ.