ಸಹಿಗೆ ಮುಂಚೆ

ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ ಎಂದು ತಾಯಿ ಹೇಳುತ್ತಾರೆ. ಮಗ ಕರೆದುಕೊಂಡು ಹೋಗುತ್ತಾನೆ. ದಂತವೈದ್ಯರು ಕೈಗೆ ಕನ್ನಡಿ ಕೊಟ್ಟು ತೋರಿಸುತ್ತಾರೆ: ವಸಡು ಸರಿದು ಹಲ್ಲಿನ ಬೇರು ಕಾಣುತ್ತಿದೆ. ವರ್ಷಗಟ್ಟಲೆ ಒರಟು ಬ್ರಷ್ಷಿನಿಂದ ತಿಕ್ಕಿದ್ದಕ್ಕೋ, ವಸಡಿನ ರೋಗಕ್ಕೋ ಹೀಗಾಗಿರಬಹುದು. ಅಂಗುಳಿನಿಂದ ತೆಳ್ಳಗೆ ಒಂದು ಚೂರು ತೆಗೆದು ಅಲ್ಲಿಗೆ ಹೊಲಿಯಬೇಕು, ಅಂದರೆ ವಸಡಿಗೆ ಕಸಿ. ಅಷ್ಟರಲ್ಲಿ ಇಂಗ್ಲಿಷಿನ ಒಂದು ಒಪ್ಪಿಗೆ ಫಾರಂ ಬರುತ್ತದೆ. "ಇಲ್ಲೊಂದು ಸೈನ್ ಹಾಕಿ ಅಮ್ಮಾ." ತಾಯಿ ಮಗನ ಮುಖ ನೋಡುತ್ತಾರೆ. "ಹಾಕಮ್ಮ, ಡಾಕ್ಟರಿಗೆ ಎಲ್ಲ ಗೊತ್ತಿರುತ್ತೆ."

ಗೊತ್ತಿರುತ್ತದೆ, ನಿಜ. ಆದರೆ ಬಾಯಿ ತಾಯಿಯದು. ಗಾಯ ಎರಡು ಕಡೆ ಆಗುತ್ತದೆ, ವಸಡಿಗಿಂತ ಅಂಗುಳೇ ಹೆಚ್ಚು ನೋಯುವುದುಂಟು, ಕೆಲವು ದಿನ ಖಾರವಿಲ್ಲದ ಮೊಸರನ್ನವೇ ಗತಿ ಎಂಬುದು ಅವರಿಗೂ ತಿಳಿದಿರಬೇಕು. ಕಸಿ ಹಿಡಿಯದೆಯೂ ಹೋಗಬಹುದು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಆ ಭಯ ಹೆಚ್ಚು. ಸದ್ಯ ಮೆದು ಬ್ರಷ್ಷು ಹಿಡಿದು ಕಾದು ನೋಡಿದರೆ ಆಗದೇ ಎಂದೂ ಕೇಳಬಹುದು. ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಹೆದರಿಕೆ ತಗ್ಗಿಸುವ ಔಷಧದ ಮಾತು ಬಂದಾಗಂತೂ ಕೇಳಲೇಬೇಕು. ಜಾಗ ಮರಗಟ್ಟಿಸುವ ಇಂಜೆಕ್ಷನ್ ಹೇಗೂ ಇರುತ್ತದೆ. ಈ ಔಷಧ ಅದರ ಜೊತೆಗೆ. ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಕೊಡುವ ನೈಟ್ರಸ್ ಆಕ್ಸೈಡ್, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. (1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಈ ಅನಿಲ ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಪ್ರಯೋಗವನ್ನು ಮೊದಲು ತನ್ನ ಮೇಲೆ ಮಾಡಿಕೊಂಡನಲ್ಲ, ಅದು ದೊಡ್ಡದು!) ಮಾತ್ರೆಯ ಮಂಪರು ಗಂಟೆಗಟ್ಟಲೆ ಇರುತ್ತದೆ. ರಕ್ತನಾಳಕ್ಕೆ ಕೊಡುವ ಔಷಧವಾದರೆ ಹೊಟ್ಟೆ ಖಾಲಿ ಇರಬೇಕು, ಉಸಿರಿನ ಮೇಲೆ ಕಣ್ಣಿಡಲು ತರಬೇತಾದವರು ಪಕ್ಕದಲ್ಲಿರಬೇಕು. ಈ ಎರಡರಲ್ಲೂ ಮನೆಗೆ ಕರೆತರಲು ಜನ ಬೇಕು, ಆ ದಿನ ಸ್ಕೂಟರ್ ಮುಟ್ಟಬಾರದು. ಸಹಿಯಂತೂ ಮಾತ್ರೆ ನುಂಗುವ ಮುಂಚೆಯೇ ಆಗಬೇಕು, ಮಂಪರಿನಲ್ಲಿರುವಾಗ ಮನೆಯವರು ಒಪ್ಪಿದರೆ ಸಾಲದು. 2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣವಿತ್ತು: ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಪ್ರಾಣಾಪಾಯವಿಲ್ಲದಾಗ, ಎಚ್ಚರವಾದ ಮೇಲೆ ತಾನೇ ತೀರ್ಮಾನಿಸಬಲ್ಲವಳ ಪರವಾಗಿ ಹೆತ್ತ ತಾಯಿಯೂ ಒಪ್ಪುವಂತಿಲ್ಲ ಎಂದಿತು ನ್ಯಾಯಾಲಯ.

ಹೆತ್ತವರಿಗೇ ಇಲ್ಲದ ಅಧಿಕಾರವನ್ನು ನಾವು ಮಕ್ಕಳು ಸಲೀಸಾಗಿ ವಹಿಸಿಕೊಳ್ಳುತ್ತೇವೆ, ಅದೂ ಪ್ರೀತಿಯಿಂದಲೇ. ಫಾರಂ ಅನ್ನು ಹಿಂದಿನ ದಿನವೇ ಮನೆಗೆ ತಂದರೆ ರಾತ್ರಿ ಊಟವಾದ ಮೇಲೆ ಕನ್ನಡದಲ್ಲಿ ಓದಿ ಹೇಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದರ ಚೀಟಿ ಚೀಲಕ್ಕೆ ಹಾಕಿಕೊಳ್ಳಿ. ನಾವೇ ನಿಲ್ಲಿಸುವುದು ಬೇಡ. ಕ್ಲಿನಿಕ್ಕಿನಲ್ಲಿ ವೈದ್ಯರು ನಿಮ್ಮನ್ನು ನೋಡಿ ಮಾತನಾಡಿದರೆ "ಅಮ್ಮನಿಗೇ ಹೇಳಿ ಸಾರ್" ಎನ್ನಿ. ಆಕೆ ಮೊದಲಿಗೇ "ಎಷ್ಟು ಖರ್ಚಾಗುತ್ತೆ?" ಎಂದರೆ ಮುಜುಗರ ಪಡಬೇಕಿಲ್ಲ, ಅದೂ ಒಪ್ಪಿಗೆಯ ಭಾಗವೇ. "ಇನ್ನೊಂದು ತಿಂಗಳು ನೋಡೋಣಪ್ಪ" ಎಂದರೆ, ಕಾಯಬಹುದೇ ಎಂದು ವೈದ್ಯರನ್ನು ಕೇಳಿಕೊಂಡು, ಆಟೋ ಹಿಡಿದು ಇಬ್ಬರೂ ಮನೆಗೆ ಬನ್ನಿ.