ಕಲ್ಲು ಉಳಿದರೆ ಊರು ಉಳಿಯಿತೇ?

ಶಿರಾದಲ್ಲಿ ಮಲಿಕ್ ರಿಹಾನ್ ಸಮಾಧಿ 1651ರದು, ಜುಮ್ಮಾ ಮಸೀದಿ 1696ರದು. ಮೊಗಲರ ಸುಬಾಕ್ಕೆ ರಾಜಧಾನಿಯಾಗಿದ್ದ ಈ ಊರಿನಲ್ಲಿ ಸುಬೇದಾರ ದಿಲಾವರ್ ಖಾನನ ಕಾಲಕ್ಕೆ 50,000 ಮನೆಗಳಿದ್ದವು ಎನ್ನುತ್ತದೆ ಹಳೆಯ ಮೈಸೂರು ಗ್ಯಾಸೆಟಿಯರ್. ಮುಂದೆ ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಸುಲ್ತಾನ್ ಇಲ್ಲಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎಂದೂ ಅಲ್ಲೇ ಬರೆದಿದೆ. ಗುಮ್ಮಟಗಳು ನಿಂತಲ್ಲೇ ನಿಂತವು. ಊರು ಎದ್ದು ಹೋಯಿತು.

ಬಡಾವಣೆಗಳ ಚಹರೆ ಉಳಿಸಬೇಕು ಎಂಬ ಮಾತು ಬಂದಾಗಲೆಲ್ಲ ಈ ಶಿರಾ ನೆನಪಾಗಬೇಕು.

ಕಾನೂನಿಗೆ ಕಾಣುವುದು ಕಲ್ಲು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಣ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಗೆ ಇದು ಬೇಕೇ ಬೇಕು. ಆದರೆ ಬೆಟ್ಟದ ಬುಡದ ಪೇಟೆ ಬೀದಿಯಲ್ಲಿ ಜಗಲಿ ಕಿತ್ತು ಶಟರ್ ಹಾಕಿದರೆ, ಅಂಗಳದ ಮಾಳಿಗೆ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದರೆ ಕೇಳುವ ನಿಯಮ ಕಡಿಮೆ. ಊರ ಹೊರಗಂತೂ ಹೊಲ ಅಲಿನೇಷನ್ ಆಗುತ್ತದೆ, ಕಲ್ಲು ನೆಡುತ್ತಾರೆ, ಮೂವತ್ತು–ನಲವತ್ತರ ಸೈಟುಗಳು ಏಳುತ್ತವೆ. ಕೊರಟಗೆರೆಯ ಲೇಔಟನ್ನೂ ಪಾವಗಡದ ಲೇಔಟನ್ನೂ ಅದಲುಬದಲು ಮಾಡಿದರೂ ಗೊತ್ತಾಗದು. ಒಂದು ಜಯಮಂಗಲಿ, ಸುವರ್ಣಮುಖಿ ಹರಿಯುವ ಸೀಮೆ. ಇನ್ನೊಂದು ನೀರಿಗೆ ಬಾಯಿಬಿಟ್ಟ ಬಿಸಿಲ ಸೀಮೆ. ಎರಡಕ್ಕೂ ಒಂದೇ ಅಚ್ಚಿನ ಮನೆ ಎಂದರೆ ನೆಲದ ಮಾತನ್ನು ಕೇಳಿಲ್ಲವೆಂದೇ ಅರ್ಥ. ಮಳೆನೀರು ಕೆರೆಗೆ ಹೋಗುವ ದಾರಿ ನಕ್ಷೆಯಲ್ಲಿ ರಸ್ತೆಯಾಗಿಬಿಟ್ಟರೆ, ಮುಂದೆ ಮಳೆ ಮನೆಯೊಳಗೇ ದಾರಿ ಹುಡುಕುತ್ತದೆ.

ಹಾಗಾದರೆ ಹಳೆಯದನ್ನೆಲ್ಲ ಇದ್ದ ಹಾಗೇ ಇಡಬೇಕೆ? ಇಲ್ಲೊಂದು ಕಠಿಣ ಪ್ರಶ್ನೆಯಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಊರುಗಳ ಕೇರಿಗಳು ಜಾತಿಯ ಅಳತೆಯಿಂದ ಬಿದ್ದ ಗೆರೆಗಳು. ಯಾರು ಬಾವಿಯ ಹತ್ತಿರ, ಯಾರು ಊರ ಹೊರಗೆ ಎಂಬುದೂ ಆ ‘ಚಹರೆ’ಯ ಭಾಗವೇ ಆಗಿತ್ತು. ಅದನ್ನು ಉಳಿಸುವ ಯೋಜನೆ ಅನ್ಯಾಯದ ಯೋಜನೆ. ಜಗಲಿ ಉಳಿಯಲಿ, ಅದರ ಮೇಲೆ ಯಾರು ಕೂರಬಹುದು ಎಂಬ ಹಳೆಯ ಕಟ್ಟಳೆ ಅಳಿಯಲಿ. ನಡೆದೇ ಸಂತೆಗೆ, ಶಾಲೆಗೆ ಹೋಗುವಷ್ಟು ಹತ್ತಿರದ ಬೀದಿ, ಕೆರೆಗೆ ನೀರು ತರುವ ಕಾಲುವೆ, ಮನೆಬಾಗಿಲಲ್ಲಿ ನಿಂತರೆ ಕಾಣುವ ಬೆಟ್ಟ ಇವೆಲ್ಲ ಎಲ್ಲರಿಗೂ ಸೇರಿದ ಆಸ್ತಿ.

ಇದು ಅಸಾಧ್ಯದ ಮಾತಲ್ಲ. 1915ರಲ್ಲಿ ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್, ಇಕ್ಕಟ್ಟಿನ ಪೇಟೆಯ ನಡುವೆ ಅಗಲ ರಸ್ತೆ ಕೊರೆಯುವುದನ್ನು ವಿರೋಧಿಸಿದ. ಬಿದ್ದುಹೋಗುವ ಒಂದೆರಡು ಮನೆ ತೆಗೆದು ಗಾಳಿ ಬೆಳಕಿಗೆ ಜಾಗ ಮಾಡಿ, ಉಳಿದ ಬೀದಿಯನ್ನು ಜನರೊಂದಿಗೆ ಹಾಗೇ ಬಿಡಿ ಎಂದ.

‘ಜನರೊಂದಿಗೆ’ ಎಂಬಲ್ಲಿದೆ ಗಂಟು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲ ಸುಮಾರು 13,000 ಎಕರೆಯನ್ನು ಸೋಲಾರ್ ಪಾರ್ಕಿಗೆ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ನಡೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಆದರೆ ಪಹಣಿಯೇ ಇಲ್ಲದ ಕೂಲಿಯವನಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಊರಿನ ಯೋಜನೆಯೂ ಹೀಗೇ, ಖಾತೆದಾರನನ್ನು ಮಾತ್ರ ಎಣಿಸುತ್ತದೆ. ಬಾಡಿಗೆ ಏರಿ ಟೈಲರು, ಬೀಡಿ ಕಟ್ಟುವವರು, ಹೂ ಮಾರುವವರು ಬೀದಿ ಬಿಟ್ಟರೆ, ಮುಂಭಾಗಕ್ಕೆ ಎಷ್ಟೇ ಬಣ್ಣ ಹೊಡೆದರೂ ಅದು ಶಿರಾದ ಕಥೆಯೇ. ಬಲವಂತ ಮಾಡುವವನು ಸುಲ್ತಾನನಲ್ಲ, ಬಾಡಿಗೆ, ಅಷ್ಟೇ ವ್ಯತ್ಯಾಸ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ 60 ದಿನ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕೊಡಬಹುದು. ಖಾತೆ ಇರಬೇಕೆಂದಿಲ್ಲ. ನಿಮ್ಮ ಊರಿನ ಕರಡು ಬಂದಾಗ ಹೋಗಿ ನಕ್ಷೆ ನೋಡಿ, ನಿಮ್ಮ ಬೀದಿಯನ್ನು ಹುಡುಕಿ, ಬಾಡಿಗೆಗಿರುವ ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.